ತಂಬೂರಿ ಹಾಕಿ ಬ್ಲೂಗ್ರಾಸ್ ಹಾಡಿಸಿದ್ದು: ನನ್ನ ಅನುಭವ

ಬ್ಲೂಗ್ರಾಸ್‌ನಲ್ಲಿ, ಅಂದರೆ ಬ್ಯಾಂಜೋ, ಫಿಡಲ್, ಮ್ಯಾಂಡೊಲಿನ್ ಹಿಡಿದು ಹಾಡುವ ಅಮೆರಿಕದ ಸಂಗೀತದಲ್ಲಿ, ಮೂವತ್ತು ನಲವತ್ತು ವರ್ಷ ಪಳಗಿದವರನ್ನು ತಂಬೂರಿ ಮುಂದೆ ಕೂರಿಸಿದರೆ ಅರ್ಧ ಗಂಟೆಯಲ್ಲಿ ಎದ್ದು ಹೋಗ್ತಾರೆ ಅಂತ ಹೇಳಿದವರೇ ಜಾಸ್ತಿ. ಇಲ್ಲಿನ ಜಾಮ್‌ನಲ್ಲಿ, ಅಂದರೆ ಸುಮ್ನೆ ಸೇರಿ ನುಡಿಸುವ ಕಡೆ, ನಕ್ಕರು. ನಮ್ಮ ಕನ್ನಡ ಕೂಟದಲ್ಲಿ ಹಾಡುವವರು ಇನ್ನೂ ಜಾಸ್ತಿ ನಕ್ಕರು. ಈಗ ಎರಡು ವರ್ಷದ ಮೇಲಾಯಿತು, ಯಾರೂ ಎದ್ದು ಹೋಗಿಲ್ಲ. ಹೋದ ಬೇಸಿಗೆಯಲ್ಲಿ ನಮ್ಮ ಮೂರು ದನಿ ಕೇಳಿ, ನಕ್ಕವರಲ್ಲೇ ಒಬ್ಬರು ಬಂದು ಹೇಗೆ ಮಾಡಿದಿರಿ ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ. ಚಾಪ್, ಬ್ರೇಕ್ ಎಲ್ಲ ಗೊತ್ತಿರುವವರಿಗೆ ಅಂತ ಬರೆದದ್ದು. ಉಳಿದವರಿಗೆ ಅಲ್ಲಲ್ಲಿ ಒಂದು ಮಾತು ಹೇಳುತ್ತೇನೆ, ಅಷ್ಟೇ.

ನಾನಿರುವುದು ನಾರ್ತ್ ಕ್ಯಾರೊಲೈನಾದ ರಾಲಿ ಹತ್ತಿರ. ಹೊಟ್ಟೆಪಾಡು ಸಾಫ್ಟ್‌ವೇರ್. ಮ್ಯಾಂಡೊಲಿನ್ ಹಿಡಿದದ್ದು ಮೈಸೂರಿನಲ್ಲಿ, ಎಲ್ಲರ ಹಾಗೆ ಯು. ಶ್ರೀನಿವಾಸ್ ಅವರನ್ನು ಕೇಳಿ. ಈ ಸಂಗೀತದ ಹುಚ್ಚು ಹತ್ತಿದ್ದು ಮಾತ್ರ ಇಲ್ಲಿ. ಅಂತರರಾಷ್ಟ್ರೀಯ ಬ್ಲೂಗ್ರಾಸ್ ಸಂಘದ ವರ್ಷದ ಜಾತ್ರೆ 2013ರಿಂದ 2024ರವರೆಗೆ ನಮ್ಮೂರಲ್ಲೇ ನಡೆಯಿತು. ಆ ವಾರ ಹೋಟೆಲ್ ಕಾರಿಡಾರ್‌ಗಳಲ್ಲಿ ರಾತ್ರಿ ಎರಡರವರೆಗೂ ನುಡಿಸುತ್ತಿದ್ದರು. ನಾನು ಮೂಲೆಯಲ್ಲಿ ನಿಂತು ಚಾಪ್, ಅಂದರೆ ತಾಳಕ್ಕೆ ತಂತಿಯ ಮೇಲೆ ಮೊಟಕು ಏಟು, ಹೊಡೆಯುತ್ತಿದ್ದೆ. ನಮ್ಮ ತಂಡದವರೆಲ್ಲ ಅಲ್ಲೇ ಪರಿಚಯವಾದವರು.

ಐದು ಜನ. ಗಿಟಾರ್ ಹಿಡಿದು ಲೀಡ್ (ಮುಖ್ಯ ದನಿ) ಹಾಡುವವರು, ಬ್ಯಾಂಜೋ ನುಡಿಸಿ ಬ್ಯಾರಿಟೋನ್ (ಅದರ ಕೆಳಗಿನ ದನಿ) ಹಾಡುವವರು, ಫಿಡಲ್, ನಿಲ್ಲುವ ಬಾಸ್, ಟೆನರ್ (ಮೇಲಿನ ದನಿ) ಮತ್ತು ಮ್ಯಾಂಡೊಲಿನ್‌ಗೆ ನಾನು. ನನ್ನನ್ನು ಬಿಟ್ಟು ಎಲ್ಲರಿಗೂ ಅರವತ್ತು ದಾಟಿದೆ. ಒಬ್ಬೊಬ್ಬರೂ ಒಂದೊಂದು ಕಾಲದಲ್ಲಿ ತಮ್ಮದೇ ತಂಡ ನಡೆಸಿದವರು. ತೊಂದರೆ ಅಲ್ಲೇ ಇತ್ತು. ಹಾಡುವ ಮೂವರೂ ಚೆನ್ನಾಗಿ ಹಾಡುತ್ತೇವೆ, ಆದರೆ ಮೂವರೂ ಮುಂದೆ ನಿಂತು ಹಾಡುತ್ತಿದ್ದೆವು. ಕೋರಸ್, ಅಂದರೆ ಕೂಡಿ ಹಾಡುವ ಪಲ್ಲವಿ, ಬಂದ ತಕ್ಷಣ ಮೂರು ಜನ ಲೀಡ್. ಜೋರು ಇರುತ್ತಿತ್ತು, ಸೇರುತ್ತಿರಲಿಲ್ಲ.

ವೇಗದ ಬ್ರೇಕ್‌ಗಳಲ್ಲಿ, ಅಂದರೆ ಹಾಡಿನ ನಡುವೆ ಒಬ್ಬೊಬ್ಬರೇ ನುಡಿಸುವ ತುಣುಕುಗಳಲ್ಲಿ, ಇಪ್ಪತ್ತರ ಹುಡುಗರ ಜೊತೆ ಪೈಪೋಟಿ ಮಾಡಲು ನಮ್ಮ ಬೆರಳಿಗೆ ಆಗಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ದನಿಗಳ ಮೇಲೇ ತಂಡ ಕಟ್ಟೋಣ ಅಂತ ನಿರ್ಧಾರವಾಯಿತು. ಧೈರ್ಯಕ್ಕೆ, ದನಿ ಕೂಡಿಸಿ ಹಾಡುವುದಕ್ಕೇ ಹೆಸರಾದ ಸೆಲ್ಡಂ ಸೀನ್ ತಂಡ ಇತ್ತು. 1971ರಲ್ಲಿ ಮೇರಿಲ್ಯಾಂಡ್‌ನ ಬೆಥೆಸ್ಡಾದಲ್ಲಿ ಶುರುವಾದ ತಂಡ ಅದು. ಒಬ್ಬರು ಸರ್ಜನ್, ಒಬ್ಬರು ಗಣಿತದವರು, ಒಬ್ಬರು ಭೂಪಟ ಬರೆಯುವವರು. ಕೆಲಸ ಬಿಡದೆ, ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ನುಡಿಸಿ ಆ ಮಟ್ಟಕ್ಕೆ ಹೋದರು. ನಾವು ಆ ಮಟ್ಟಕ್ಕೆ ಹೋಗಲ್ಲ ಬಿಡಿ. ವಾರಕ್ಕೊಮ್ಮೆ ಅನ್ನುವುದನ್ನು ಮಾತ್ರ ತಗೊಂಡೆವು.

ಮೊದಲ ಆರೇಳು ತಿಂಗಳು ದುಡ್ಡು ಹೋಯಿತು. ಒಬ್ಬರ ದನಿ ಒಬ್ಬರಿಗೆ ಕೇಳಿಸುತ್ತಿಲ್ಲ, ಅದಕ್ಕೇ ಸೇರುತ್ತಿಲ್ಲ ಅಂತ ಸೌಂಡ್‌ನವರೊಬ್ಬರು ಹೇಳಿದರು. ಐದು ಜನಕ್ಕೂ ಕಿವಿಯೊಳಗಿನ ಮಾನಿಟರ್, ಅಂದರೆ ವೇದಿಕೆಯ ದನಿ ಹಾಡುವವರಿಗೇ ಕೇಳಿಸುವ ಪುಟ್ಟ ಸ್ಪೀಕರ್, ತಂದೆವು. ಸಾವಿರದ ಇನ್ನೂರು ಡಾಲರ್ ಹತ್ತಿರ ಬಿತ್ತು. ಹಾಕಿಕೊಂಡ ಮೇಲೆ ಎಲ್ಲರಿಗೂ ತಮ್ಮ ದನಿ ಇನ್ನೂ ಚೆನ್ನಾಗಿ ಕೇಳಿಸಿತು, ಇನ್ನೂ ಜೋರಾಗಿ ಹಾಡಿದರು. ಆಮೇಲೆ ಅರ್ಧ ಬೆಲೆಗೆ ಮಾರಿದೆವು. ಒಂದು ಬ್ರೂವರಿಯಲ್ಲಿ ಇನ್ನೂರೈವತ್ತು ಕೊಡುತ್ತಿದ್ದರು, ತಲೆಗೆ ಐವತ್ತು. ಬಾಸ್ ನುಡಿಸುವವರು ವ್ಯಾನ್‌ನಲ್ಲಿ ತೊಂಬತ್ತು ಮೈಲಿಯಿಂದ ಬರಬೇಕು. ಅವರ ಪಾಲು ಪೆಟ್ರೋಲಿಗೇ ಸರಿ. ಮೊದಲ ವರ್ಷದ ಲೆಕ್ಕ ನೋಡಿದರೆ ಕೈಯಿಂದ ಹಾಕಿದ್ದೇ ಜಾಸ್ತಿ.

ತಂಬೂರಿ ಬಂದದ್ದು ಇದಾದ ಮೇಲೆ. ಅಭ್ಯಾಸದ ದಿನ ನಾನು ಗಮನಿಸುತ್ತಿದ್ದುದು ಒಂದೇ ವಿಷಯ: ನಮ್ಮ ಗಾಂಧಾರ, ಸಾ ರಿ ಗಾದ ಗಾ, ಯಾವಾಗಲೂ ಸ್ವಲ್ಪ ಮೇಲೆ. ಕಾರಣ ಗಿಟಾರ್. ಫ್ರೆಟ್, ಅಂದರೆ ಮೆಟ್ಟು, ಇರುವ ವಾದ್ಯದ ಗಾಂಧಾರ ಸಹಜ ಅಂತರ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಏರಿರುತ್ತದೆ. ಅರ್ಧ ಸ್ವರಕ್ಕೆ ನೂರು ಸೆಂಟ್ ಅಂದರೆ ಏಳರಲ್ಲಿ ಒಂದು ಪಾಲು. ಗಿಟಾರ್, ಬ್ಯಾಂಜೋ, ನನ್ನ ಮ್ಯಾಂಡೊಲಿನ್ ಮೂರೂ ಆ ಏರಿದ ಗಾಂಧಾರವನ್ನೇ ಕಿವಿಗೆ ತುಂಬುತ್ತಿದ್ದವು. ದನಿಗಳು ಅದನ್ನೇ ಹಿಂಬಾಲಿಸುತ್ತಿದ್ದವು. ಮೂರು ದನಿ ಬೆಣ್ಣೆಯ ಹಾಗೆ ಕೂಡಬೇಕಾದ ಜಾಗದಲ್ಲಿ ಸಣ್ಣ ನಡುಕ.

ವಾದ್ಯ ಕೆಳಗಿಡಿ ಅಂದೆ. ಫೋನಿನ ತಂಬೂರಿ ಆ್ಯಪ್‌ಗೆ ಒಳ್ಳೆ ಸ್ಪೀಕರ್ ಸೇರಿಸಿ ಜಿ ಶ್ರುತಿಗೆ ಇಟ್ಟೆ. ಅದರ ಗಾಂಧಾರ ಅಂದರೆ ಬಿ ಸ್ವರ. ಯಾರೂ ಹಾಡುವುದು ಬೇಡ, ಸುಮ್ನೆ ಕೇಳಿ ಅಂದೆ. ಬ್ಯಾಂಜೋದವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಐದು ನಿಮಿಷ ಆಗಿರಬೇಕು, ಲೀಡ್ ಹಾಡುವವರು ನನ್ನ ಕಡೆ ತಿರುಗಿ "ಮೇಲೆ ಬಿ ಹಾಡುತ್ತಿರುವವರು ಯಾರು?" ಅಂದರು. ಯಾರೂ ಹಾಡುತ್ತಿರಲಿಲ್ಲ. ಆ್ಯಪ್‌ನಲ್ಲಿ ಗಾಂಧಾರದ ತಂತಿಯೂ ಇಲ್ಲ. ಮಂದ್ರದ ತಂತಿಯಿಂದ ತಾನಾಗಿ ಹುಟ್ಟುವ ಸ್ವಯಂಭೂ ಗಾಂಧಾರ ಅವರ ಕಿವಿಗೆ ಬಿದ್ದಿತ್ತು. ನಮ್ಮಲ್ಲಿ ವರ್ಷಗಟ್ಟಲೆ ಕಲಿತವರೂ ಎಷ್ಟೋ ಜನ ಅದನ್ನು ಬೇರೆ ಮಾಡಿ ಕೇಳಲ್ಲ. ಈ ಮನುಷ್ಯ ಐದು ನಿಮಿಷದಲ್ಲಿ ಹಿಡಿದರು. ಕೂಡಲೇ ಬ್ಯಾರಿಟೋನ್‌ನವರಿಗೂ ತೋರಿಸಿದರು. ನಾನು ಮಾತಾಡುವ ಅಗತ್ಯವೇ ಬೀಳಲಿಲ್ಲ.

ಅಲ್ಲಿಂದ ಕ್ರಮ ಹೀಗೆ. ಅಭ್ಯಾಸದ ಮೊದಲ ಮುಕ್ಕಾಲು ಗಂಟೆ ವಾದ್ಯ ಮುಟ್ಟುವ ಹಾಗಿಲ್ಲ. ಲೀಡ್ ಸಾ ಹಿಡಿದರೆ ಟೆನರ್ ಮೇಲಿನ ಗಾ, ಬ್ಯಾರಿಟೋನ್ ಕೆಳಗಿನ ಪಾ. ಒಂದೊಂದೇ ಪದವನ್ನು ಎಳೆದು, ಕೂಡುವವರೆಗೆ ಬಿಡುವುದಿಲ್ಲ. ಒಂದು ತೊಡಕು ಬೇಗ ಬಂತು. ಹಾಡು ನಾಲ್ಕನೇ ಕಾರ್ಡ್‌ಗೆ, ಅಂದರೆ ಮಾ ಮೇಲೆ ಕಟ್ಟಿದ ಸ್ವರಗಳ ಗುಂಪಿಗೆ, ಹೋದರೂ ಸಾ ನಡೆಯುತ್ತದೆ, ಮಾ ಧಾ ಸಾ ಅಲ್ವಾ. ಐದನೇ ಕಾರ್ಡ್‌ಗೆ, ಅಂದರೆ ಪಾ ನಿ ರಿಗೆ, ಹೋದ ಕೂಡಲೇ ನಿಷಾದಕ್ಕೂ ಷಡ್ಜಕ್ಕೂ ಜಗಳ. ಅದಕ್ಕೆ ಎರಡನೇ ತಂಬೂರಿ ಬೇಕಾಯಿತು. ಊರಿಂದ ತಂದಿದ್ದ ಹಳೆಯ ರಾಡೆಲ್ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆಯನ್ನು ಪಂಚಮಕ್ಕೇ ಶ್ರುತಿ ಮಾಡಿ ಇಟ್ಟೆ. ಕಾರ್ಡ್ ಬದಲಾದಾಗ ಒಂದು ಮುಚ್ಚಬೇಕು, ಇನ್ನೊಂದು ತೆರೆಯಬೇಕು. ಫಿಡಲ್‌ನವರು ಹಾಡುವುದಿಲ್ಲ, ಹಾಗಾಗಿ ಆ ಕೆಲಸ ಅವರಿಗೆ. ಶುರುವಿನಲ್ಲಿ ಬೇಜಾರು ಪಟ್ಟುಕೊಂಡರು. ಈಗ ಬೇರೆಯವರು ಮುಟ್ಟಿದರೆ ಬಯ್ಯುತ್ತಾರೆ.

ಬ್ಯಾರಿಟೋನ್ ಪಾಲಿನ ಬಗ್ಗೆ ಒಂದು ಮಾತು. ಅದನ್ನು ಒಂಟಿಯಾಗಿ ಹಾಡಿಸಿದರೆ ಹಾಡೇ ಅಲ್ಲ. ಒಂದೇ ಸ್ವರದಲ್ಲಿ ನಾಲ್ಕು ಪದ, ಆಮೇಲೆ ಎಲ್ಲಿಗೋ ಹಾರಿಕೆ. ತಂಡದ ದನಿ ಸೇರುವುದೂ ಬಿಡುವುದೂ ಮಾತ್ರ ಅಲ್ಲೇ. ಹೊಸ ಹಾಡು ಎತ್ತಿದರೆ ಮೊದಲು ಲೀಡ್ ಮತ್ತು ಬ್ಯಾರಿಟೋನ್ ಎರಡನ್ನೇ ಕೂಡಿಸುತ್ತೇವೆ. ಟೆನರ್ ಕೊನೆಗೆ. ಎಲ್ಲರೂ ಟೆನರ್‌ನಿಂದ ಶುರು ಮಾಡುತ್ತಾರೆ, ಕೇಳಲು ಚಂದ ಅಂತ.

ಎರಡನೇ ಜಗಳ ಶ್ರುತಿಯದು. ಬ್ಲೂಗ್ರಾಸ್ ಹುಟ್ಟಿಸಿದ ಬಿಲ್ ಮನ್ರೋ ಕಾಲದಿಂದ ಬಿ, ಬಿ ಫ್ಲ್ಯಾಟ್‌ನ ಎತ್ತರದ ಶ್ರುತಿಯಲ್ಲಿ ಹಾಡಿದರೇ ಮರ್ಯಾದೆ ಅನ್ನುವ ಭಾವನೆ ಇದೆ. ನಲವತ್ತರ ವಯಸ್ಸಿನಲ್ಲಿ ಸರಿ. ಅರವತ್ತೆಂಟರಲ್ಲಿ ಕೋರಸ್‌ನಲ್ಲಿ ಗಂಟಲು ಹಿಂಡಿ ಹೋಗುತ್ತದೆ, ಹಿಂಡಿದ ಗಂಟಲು ಶ್ರುತಿ ಸೇರಲ್ಲ. ಜಿಗೆ ಇಳಿಸೋಣ ಅಂದದ್ದಕ್ಕೆ ಲೀಡ್‌ನವರು ಎರಡು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಡುವೆ ಆಸ್ಬೋರ್ನ್ ಬ್ರದರ್ಸ್ ಅನ್ನುವ ಹಳೆಯ ತಂಡದ ರೀತಿಯನ್ನೂ ನೋಡಿದೆವು, ಅಂದರೆ ಲೀಡ್ ಎಲ್ಲಕ್ಕಿಂತ ಮೇಲೆ, ಉಳಿದೆರಡು ದನಿ ಅದರ ಕೆಳಗೆ. ಅದಕ್ಕೆ ಆ ತಂಡದಲ್ಲಿ ಹಾಡುತ್ತಿದ್ದ ಬಾಬಿ ಆಸ್ಬೋರ್ನ್ ಗಂಟಲೇ ಬೇಕು. ಒಂದು ನಿಧಾನದ ಹಾಡಿನಲ್ಲಿ ಮಾತ್ರ ಉಳಿಸಿಕೊಂಡಿದ್ದೇವೆ. ಜಿ ಮತ್ತು ಎ ಈಗ ಖಾಯಂ.

ನನ್ನ ಕಡೆಯಿಂದ ಬಿಡಬೇಕಾಗಿ ಬಂದದ್ದು ಗಮಕ. ಸ್ವರಕ್ಕೆ ಹೋಗುವ ಮುಂಚೆ ಸಣ್ಣದೊಂದು ಜಾರು ತಾನಾಗಿ ಬರುತ್ತದೆ, ಉಳಿದಿಬ್ಬರು ನೇರ ಹೋಗಿ ಕೂತಿರುತ್ತಾರೆ. ಅದನ್ನು ತೆಗೆಯಲು ತಿಂಗಳುಗಳೇ ಹಿಡಿದವು. ಲಾಭವಾದದ್ದು ಅಕಾರ ಸಾಧಕ, ಅಂದರೆ "ಆ" ಎಳೆದು ಮಾಡುವ ಅಭ್ಯಾಸ. ಇಲ್ಲಿನ ದಕ್ಷಿಣದವರು "ಐ" ಅನ್ನುವುದನ್ನು "ಆ" ಅಂತಲೇ ಎಳೆಯುತ್ತಾರೆ. ಅದು ನಮ್ಮ ಗಂಟಲಿಗೆ ಹೇಳಿ ಮಾಡಿಸಿದ ಹಾಗಿದೆ. ಮೂವರ ಬಾಯಿಯೂ ಒಂದೇ ಅಳತೆಗೆ ತೆರೆಯದಿದ್ದರೆ ಶ್ರುತಿ ಎಷ್ಟೇ ಸರಿ ಇದ್ದರೂ ದನಿ ಒಡೆದೇ ಕೇಳುತ್ತದೆ. ಪದದ ಕೊನೆಯ ವ್ಯಂಜನವನ್ನು ಯಾರು ಹೇಳುತ್ತಾರೆ, ಯಾರು ನುಂಗುತ್ತಾರೆ ಅನ್ನುವುದಕ್ಕೂ ನಮ್ಮದೊಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಹತ್ತಿರ ಬೇರೆ ಬಂಡವಾಳ ಏನಿದೆ ಹೇಳಿ.

ವೇದಿಕೆಗೆ ಒಂದೇ ಮೈಕ್. ಆಡಿಯೋ ಟೆಕ್ನಿಕಾದ 4033, ನಾನೂರು ಡಾಲರ್ ಆಸುಪಾಸು. ವೇದಿಕೆ ಮೇಲೆ ಮಾನಿಟರ್ ಸ್ಪೀಕರ್ ಇಟ್ಟರೆ ಮೈಕ್ ಕೂಗುತ್ತದೆ, ಹಾಗಾಗಿ ಮಾನಿಟರ್ ಇಲ್ಲ. ಕೋರಸ್‌ಗೆ ಮೂವರೂ ಒಂದಡಿ ದೂರಕ್ಕೆ ಬರುತ್ತೇವೆ, ನನ್ನ ದನಿ ಚೂಪು ಅಂತ ನಾನು ಒಂದು ಗೇಣು ಹಿಂದೆ. ಭುಜಕ್ಕೆ ಭುಜ ತಾಗಿಸಿ ನಿಂತರೆ ಪಕ್ಕದವರ ಉಸಿರು ಗೊತ್ತಾಗುತ್ತದೆ. ಆ ದುಬಾರಿ ಮಾನಿಟರ್ ಇಷ್ಟು ಕೆಲಸ ಮಾಡಲಿಲ್ಲ. ಗಲಾಟೆ ಇರುವ ಕಡೆ ಇದು ನಡೆಯಲ್ಲ ಅಂತಲೂ ಹೇಳಬೇಕು. ಬ್ರೂವರಿಗಳನ್ನು ಬಿಟ್ಟೆವು. ಚರ್ಚ್, ಲೈಬ್ರರಿ, ಮನೆಗಳಲ್ಲಿ ಸಣ್ಣ ಕಛೇರಿ, ಅಪರೂಪಕ್ಕೆ ಮದುವೆ. ಮದುವೆಗೆ ಸಾವಿರದ ಇನ್ನೂರರವರೆಗೆ ಬಂದದ್ದಿದೆ. ಹೋದ ವರ್ಷ ಖರ್ಚು ಕಳೆದು ತಲೆಗೆ ಎಂಟುನೂರು, ಒಂಬೈನೂರು ಉಳಿದಿರಬಹುದು.

ಸುಮ್ನೆ ಮಾಡಿ ನೋಡಿದವು ಬೇಕಾದಷ್ಟು. ಬ್ಯಾಂಜೋ ಹಿಂದೆ ಕಾಲುಚೀಲ ತುರುಕಿದೆವು, ಹಾಡಿಗೆ ಅಡ್ಡ ಬರುವುದು ನಿಂತಿತು, ಈಗಲೂ ಇದೆ. ಬಾಸ್‌ಗೆ ಸ್ಟೀಲ್ ತೆಗೆದು ಗಟ್, ಅಂದರೆ ಕರುಳಿನ, ತಂತಿ ಹಾಕಿದೆವು. ಚಂದ ಕೇಳಿಸಿತು, ಆದರೆ ಜುಲೈ ತೇವಕ್ಕೆ ಹಾಡಿಗೊಮ್ಮೆ ಶ್ರುತಿ ತಪ್ಪಿತು. ಇನ್ನೂರು ಡಾಲರ್ ಚೀಲದಲ್ಲಿ ಕೂತಿದೆ. ಬ್ಯಾಂಜೋದವರಿಗೆ ಕೊನ್ನಕ್ಕೋಲ್, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದನ್ನು, ಹೇಳಿಕೊಟ್ಟೆ. ಅವರ ರೋಲ್‌ನ, ಅಂದರೆ ಬೆರಳು ಸುತ್ತಿ ಸುತ್ತಿ ಮೀಟುವ ವರಸೆಯ, ಎಂಟು ಏಟು ಮೂರು ಮೂರು ಎರಡಾಗಿ ಒಡೆಯುತ್ತದೆ, ತಕಿಟ ತಕಿಟ ತಕ. ಒಂದೇ ಸಂಜೆಯಲ್ಲಿ ಕಲಿತರು. ಏನು ಉಪಯೋಗ ಆಯಿತೋ ಕೇಳಬೇಡಿ, ಅಭ್ಯಾಸಕ್ಕೆ ಬೇಗ ಬರಲು ಶುರು ಮಾಡಿದರು.

ಈಗ ಹಿಡಿದಿರುವುದು ನಾಲ್ಕನೇ ದನಿ. ಡಾಯ್ಲ್ ಲಾಸನ್ ಅವರ ಕ್ವಿಕ್‌ಸಿಲ್ವರ್ ತಂಡ ಹಾಡುತ್ತಿದ್ದ ಹಾಗೆ ವಾದ್ಯ ಇಲ್ಲದ ಗಾಸ್ಪೆಲ್ ಕ್ವಾರ್ಟೆಟ್, ಅಂದರೆ ನಾಲ್ಕು ದನಿಯ ಕ್ರೈಸ್ತ ಭಕ್ತಿಗೀತೆ, ಒಂದಾದರೂ ಕೂಡಿಸಬೇಕು. ಬಾಸ್ ನುಡಿಸುವವರಿಗೆ ಮಂದ್ರದ ಸಾ ಸಲೀಸಾಗಿ ಸಿಗುತ್ತದೆ. ಹಾಡಿ ಅಂದರೆ ನಾಚಿಕೆ. ವಾರಕ್ಕೊಮ್ಮೆ ಅರ್ಧ ಗಂಟೆ ಮೊದಲೇ ಕರೆಸಿ, ತಂಬೂರಿ ಹಾಕಿ, ಅವರೊಬ್ಬರ ಜೊತೆಗೇ ಕೂರುತ್ತಿದ್ದೇನೆ. ಡಿಸೆಂಬರ್‌ಗೆ ಒಂದು ಚರ್ಚ್ ಒಪ್ಪಿಕೊಂಡಾಗಿದೆ. ಅಷ್ಟರಲ್ಲಿ ಕೂಡದಿದ್ದರೆ ಮೂರೇ ದನಿಯಲ್ಲಿ ಹಾಡುತ್ತೇವೆ, ಪೆಟ್ರೋಲ್ ದುಡ್ಡು ಅವರಿಗೆ ಹೇಗೂ ಕೊಡಲೇಬೇಕು.