ಹಳೇ ಫಿಶ್ ಟ್ಯಾಂಕ್‌ಗೆ ಹೊಸ ಸಿಲಿಕಾನ್: ನನ್ನ ಅನುಭವ

ಎರಡಡಿ ಉದ್ದ, ಒಂದಡಿ ಅಗಲ, ಹದಿನೈದು ಇಂಚು ಎತ್ತರದ ಟ್ಯಾಂಕು, 5 ಎಂಎಂ ಗ್ಲಾಸು. ಪರಿಚಯದವರೊಬ್ರು ಮನೆ ಖಾಲಿ ಮಾಡೋವಾಗ 500 ರೂಪಾಯಿಗೆ ಕೊಟ್ರು, ಎರಡು ವರ್ಷ ಟೆರೇಸ್ ಮೇಲೆ ಖಾಲಿ ಬಿದ್ದಿತ್ತಂತೆ. ತಂದು ತೊಳ್ದು, ಕೆಳಗೆ ಹಳೇ ಪೇಪರ್ ಹಾಸಿ ನೀರು ತುಂಬಿಟ್ಟೆ, ಬೆಳಿಗ್ಗೆ ನೋಡಿದ್ರೆ ಹಿಂದಿನ ಎಡ ಮೂಲೆ ಕೆಳಗೆ ಪೇಪರ್ ಅಂಗೈಯಗಲ ಒದ್ದೆ.

ಆಗ ಒಂದು ತಪ್ಪು ಮಾಡ್ದೆ. ಒಣಗಿಸಿ, ಸೋರೋ ಮೂಲೆಗಷ್ಟೇ ಹಳೇ ಸಿಲಿಕಾನ್ (ಗ್ಲಾಸ್ ಅಂಟಿಸೋ ರಬ್ಬರ್ ಥರದ ಅಂಟು) ಮೇಲೇನೇ ಹೊಸದು ಮೆತ್ತಿದೆ. ಮೂರು ದಿನ ಬಿಟ್ಟು ನೀರು ಹಾಕಿದ್ರೆ ಅಲ್ಲೇ ಮತ್ತೆ ಜಿನುಗ್ತಿತ್ತು, ಉಗುರಲ್ಲಿ ಎಳೆದ್ರೆ ಹೊಸ ಪದರ ಪೂರ್ತಿ ಎದ್ದು ಬಂತು. ಸಿಲಿಕಾನ್ ಗ್ಲಾಸನ್ನ ಗಟ್ಟಿಯಾಗಿ ಹಿಡಿಯತ್ತೆ, ಆದ್ರೆ ಒಣಗಿದ ಹಳೇ ಸಿಲಿಕಾನನ್ನ ಹಿಡಿಯಲ್ಲ. ಅದಕ್ಕೇ ಒಂದು ಮೂಲೆ ರಿಪೇರಿ ಅಂತ ಹೋಗಬೇಡಿ, ಒಳಗಡೆದು ಸುತ್ತಲೂ ಕಿತ್ತು ಒಂದೇ ಸಲ ಹಾಕಿ.

ಕೀಳೋ ಮುಂಚೆ ಒಂದು ವಿಷಯ ನೋಡ್ಲೇಬೇಕು. ಟ್ಯಾಂಕಲ್ಲಿ ಸಿಲಿಕಾನ್ ಎರಡು ಕಡೆ ಇರತ್ತೆ, ಗ್ಲಾಸಿಗೂ ಗ್ಲಾಸಿಗೂ ಮಧ್ಯೆ ಇರೋ ತೆಳು ಪದರಾನೇ ಟ್ಯಾಂಕನ್ನ ಹಿಡಿದು ನಿಲ್ಲಿಸಿರೋದು, ಒಳಗೆ ಮೂಲೆ ಉದ್ದಕ್ಕೂ ಇರೋದು ನೀರು ತಡೆಯೋಕೆ. ಹೊರಗಿಂದ ಟಾರ್ಚ್ ಬಿಟ್ಟು ನೋಡ್ದೆ, ಮಧ್ಯದ ಪದರದಲ್ಲಿ ಗುಳ್ಳೆ, ಬಿಳಿ ಗೆರೆ ಏನೂ ಇರ್ಲಿಲ್ಲ, ಹಾಗಾಗಿ ಅದನ್ನ ಮುಟ್ಟಲಿಲ್ಲ. ಅದೇ ಬಿಟ್ಟುಕೊಂಡಿದ್ರೆ ಗ್ಲಾಸ್ ಎಲ್ಲಾ ಬಿಚ್ಚಿ ಹೊಸದಾಗಿ ಕಟ್ಟಬೇಕು, ಅದು ಬೇರೆ ಕೆಲ್ಸ.

ಕೀಳೋದಕ್ಕೇ ನಂಗೆ ಮೂರು ಸಂಜೆ ಹಿಡೀತು. ಬ್ಲೇಡನ್ನ ಗ್ಲಾಸಿಗೆ ಒರಗಿಸಿ ಎರಡೂ ಕಡೆಯಿಂದ ಕೊಯ್ದರೆ ದಪ್ಪ ಭಾಗ ಹುರಿ ಥರ ಬರತ್ತೆ, ಬ್ಲೇಡ್ ತುದಿ ಮಾತ್ರ ಜಾಯಿಂಟ್ ಒಳಗೆ ಹೋಗದ ಹಾಗೆ ನೋಡ್ಕೋಬೇಕು. ಕಷ್ಟ ಇರೋದು ಆಮೇಲೆ, ಕಣ್ಣಿಗೇ ಕಾಣದ ತೆಳು ಪೊರೆ ಉಳಿದಿರತ್ತೆ. ಬೆರಳು ಎಳೆದು ನೋಡಿ, ಬರೀ ಗ್ಲಾಸ್ ಮೇಲೆ ಜಾರತ್ತೆ, ಪೊರೆ ಇದ್ದಲ್ಲಿ ತಡೆಯತ್ತೆ. ಹಾಗೆ ಹುಡುಕಿ ಹುಡುಕಿ ಹೊಸ ಬ್ಲೇಡಲ್ಲಿ ಕೆರೆದು, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಎರಡು ಸಲ ಒರೆಸಿದೆ, ಆಮೇಲೆ ಅಲ್ಲಿ ಬರಿಗೈ ತಾಗಿಸ್ಲಿಲ್ಲ.

ಸಿಲಿಕಾನ್ ತಗೊಳ್ಳೋವಾಗ ಟ್ಯೂಬ್ ಮೇಲೆ ಆ್ಯಂಟಿ ಫಂಗಲ್ ಅಂತ ಇದ್ರೆ ಬೇಡವೇ ಬೇಡ. ಬಾತ್‌ರೂಮ್‌ಗೆ ಬರೋದ್ರಲ್ಲಿ ಬೂಸ್ಟು ಬರದೇ ಇರ್ಲಿ ಅಂತ ಔಷಧಿ ಹಾಕಿರ್ತಾರೆ, ಅದು ಮೀನಿಗೆ ವಿಷ. ಅಕ್ವೇರಿಯಂಗೆ ಅಂತಾನೇ ಬರೆದಿರೋ 280 ಎಂಎಲ್ ಟ್ಯೂಬ್ ತಂದೆ, ಅರ್ಧನೂ ಖರ್ಚಾಗ್ಲಿಲ್ಲ.

ಮೂಲೆಯಿಂದ ಸುಮಾರು 7 ಎಂಎಂ ಬಿಟ್ಟು ಎರಡೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ, ನಿಂತಿರೋ ನಾಲ್ಕು ಮೂಲೆ, ಆಮೇಲೆ ತಳದ ಸುತ್ತ ಟ್ಯೂಬ್ ಒತ್ತೋ ಗನ್ನಲ್ಲಿ ಸಿಲಿಕಾನ್ ಹಾಕ್ಕೊಂಡು ಹೋದೆ, ಹಿಂದೆನೇ ಗ್ಲೌಸ್ ಹಾಕಿದ ಬೆರಳಲ್ಲಿ ಒಂದೇ ಎಳೆತಕ್ಕೆ ತೀಡಿದೆ. ಐದು ಹತ್ತು ನಿಮಿಷಕ್ಕೆಲ್ಲ ಮೇಲೆ ಕೆನೆ ಕಟ್ಟೋಕೆ ಶುರುವಾಗತ್ತೆ, ಅಷ್ಟರೊಳಗೆ ಟೇಪ್ ಕೀಳದಿದ್ರೆ ಅಂಚು ಹರಿದು ಬರತ್ತೆ, ಅದಕ್ಕೆ ನಾನು ತೀಡ್ತಾ ಹೋದ ಹಾಗೆ ತಮ್ಮ ಟೇಪ್ ಕೀಳ್ತಾ ಬಂದ. ಇಬ್ರು ಇಲ್ದೆ ಈ ಕೆಲ್ಸಕ್ಕೆ ಕೂರಬೇಡಿ. ಹಸಿ ಸಿಲಿಕಾನಿನ ವಿನೆಗರ್ ವಾಸನೆ ಮೂಗಿಗೆ ಹೊಡೆಯತ್ತೆ, ಕಿಟಕಿ ತೆಗೆದಿಡಿ.

ಸಿಲಿಕಾನ್ ಗಟ್ಟಿಯಾಗೋದು ಗಾಳಿಯಲ್ಲಿರೋ ತೇವದಿಂದ, ಹೊರಗಿಂದ ಒಳಕ್ಕೆ, ದಿನಕ್ಕೆ ಹೆಚ್ಚೂಕಮ್ಮಿ 2-3 ಎಂಎಂ ಅಷ್ಟೇ. ಮುಟ್ಟಿದ್ರೆ ಒಣಗಿದ ಹಾಗೇ ಇರತ್ತೆ, ನಂಬಬಾರ್ದು. ನಾನು ಒಂದು ವಾರ ಬಿಟ್ಟೆ, ವಾಸನೆ ಪೂರ್ತಿ ಹೋಗಿತ್ತು.

ತುಂಬಿದ್ರೆ 70 ಲೀಟರ್, ಅಂದ್ರೆ ನೀರೇ 70 ಕೆಜಿ. ಸಮ ಇರೋ ನೆಲದಲ್ಲಿ ಥರ್ಮಾಕೋಲ್, ಅದರ ಮೇಲೆ ಪೇಪರ್ ಹಾಸಿ, ಮೊದಲ ದಿನ ಕಾಲು ಭಾಗ, ಮಾರನೇ ದಿನ ಅರ್ಧ, ಮೂರನೇ ದಿನ ಪೂರ್ತಿ ತುಂಬಿಸಿದೆ. ದಿನಾ ಬೆಳಿಗ್ಗೆ ಎದ್ದು ಮೊದ್ಲು ಆ ಎಡ ಮೂಲೆ ಪೇಪರ್ ಮುಟ್ಟಿ ನೋಡ್ತಿದ್ದೆ. ಐದನೇ ದಿನಾನೂ ಗರಿಗರಿಯಾಗೇ ಇತ್ತು, ಆ ನೀರು ಚೆಲ್ಲಿ, ತೊಳ್ದು, ಮರಳು ಹಾಕೋಕೆ ಶುರು ಮಾಡ್ದೆ.