ಮಾಳಿಗೆ ಮನೆ ಉಳಿಸಬೇಕೆ? ಮೊದಲು ಏಣಿ ಹಾಕಿ

ಕೊಪ್ಪಳ, ರಾಯಚೂರು ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಮುಸ್ಲಿಮರದು ಎಂದರೆ ಮಸೀದಿ ಪಕ್ಕದ ಒಂದೇ ಓಣಿ. ಅದರಲ್ಲಿ ಅಜ್ಜನ ಕಾಲದ ಮನೆಗಳು ಎರಡೋ ಮೂರೋ ನಿಂತಿರುತ್ತವೆ: ದಪ್ಪ ಕಲ್ಲು-ಮಣ್ಣಿನ ಗೋಡೆ, ಗಚ್ಚಿನ ಕಮಾನು, ಪಡಸಾಲೆಯಲ್ಲಿ ಕಂಬ, ಗೋಡೆಯೊಳಗೆ ದೀಪ-ಕಿತಾಬು ಇಡುವ ತಾಕು. ಇವನ್ನು ಉಳಿಸಬೇಕೆನ್ನುವವರು ಮೊದಲು ಮುಂಬಾಗಿಲಿಗೆ ಬಣ್ಣ ಹೊಡೆಸುತ್ತಾರೆ. ಬಣ್ಣ ಕೊನೆಗಿರಲಿ.

ಏಣಿ ಹಾಕಿ ಮಾಳಿಗೆ, ಅಂದರೆ ಮಣ್ಣು ಹಾಕಿದ ಸಪಾಟು ಛಾವಣಿ, ಹತ್ತಿ ನೋಡಿ. ಮಳೆಗಾಲಕ್ಕೆ ಮುಂಚೆ ಅದರ ಮೇಲೆ ಚೌಳು (ಉಪ್ಪುಪ್ಪಾದ) ಮಣ್ಣು ಹಾಕುವ ವಾಡಿಕೆ ನಮ್ಮಲ್ಲಿ ಹಳೆಯದು. ಆ ಮಣ್ಣಿನ ಸೋಡಿಯಂ ಅಂಶದಿಂದ ಅದರ ನುಣುಪು ಕಣಗಳು ನೀರಿಗೆ ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚುತ್ತವೆ. ನೀರು ಒಳಗಿಳಿಯದೆ ದೋಣಿಯತ್ತ (ಮಾಳಿಗೆ ನೀರು ಹೊರಬೀಳುವ ಬಾಯಿ) ಹರಿಯುತ್ತದೆ. ತೊಂದರೆ ಇರುವುದು ಹಳೇ ಮಣ್ಣು ತೆಗೆಯದೆ ಅದರ ಮೇಲೇ ಹಾಕುತ್ತ ಹೋಗುವುದರಲ್ಲಿ. ವರ್ಷ ವರ್ಷ ಏರಿದ ಮಣ್ಣು ಜಡಿಮಳೆಗೆ ನೆನೆದರೆ ಅದನ್ನು ಹೊತ್ತ ಜಂತಿ (ತೊಲೆಗಳ ಮೇಲಿನ ಅಡ್ಡಮರ) ತಾಳುವುದಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಗೆ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಹೇಗೆ ಕುಸಿದವೆಂದು ಕಂಡವರಿಗೆ ಗೊತ್ತು.

ಆದ್ದರಿಂದ ಮೊದಲು ತೊಲೆಗಳ ಕೆಳಗೆ ಊರುಗಂಬ ಕೊಡಿ. ಆಮೇಲೆ ಹಳೇ ಮಣ್ಣನ್ನು ಎರಡೂ ಬದಿಯಿಂದ ಸಮವಾಗಿ ಇಳಿಸಿ. ಒಂದೇ ಕಡೆ ಕೆರೆದರೆ ಭಾರ ವಾಲುತ್ತದೆ. ಹುಳು ಹತ್ತಿದ ಜಂತಿ ಬದಲಿಸಿ, ತೆಳುವಾಗಿ ಹೊಸ ಮಣ್ಣು ಬಡಿದು, ದೋಣಿಯ ಕಡೆ 10 ಅಡಿಗೆ ಎರಡು ಮೂರು ಇಂಚು ಇಳಿಜಾರು ಬಿಡಿ. ಮಣ್ಣಿನ ಮೇಲೆ ಸಿಮೆಂಟ್ ಮೆತ್ತಿಸುವ ಆಸೆ ಬೇಡ. ನಮ್ಮ ಬಿಸಿಲಿಗೆ ಅದು ಸೀಳುತ್ತದೆ. ಸೀಳಿನಲ್ಲಿ ಇಳಿದ ನೀರು ಮತ್ತೆ ಆರುವುದೇ ಇಲ್ಲ.

ರಂಜಾನ್‌ಗೋ ಮೊಹರಂಗೋ ಮನೆ ರಿಪೇರಿ ಮಾಡಿಸುವುದು ರೂಢಿ. ಸುಣ್ಣಕ್ಕೆ ಅದು ಸರಿ. ಆದರೆ ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಮುಂಗಾರು ಸರಿಯುವುದಿಲ್ಲ. ಮಾಳಿಗೆ ಕೆಲಸ ಮೇ ತಿಂಗಳೊಳಗೆ ಮುಗಿಯಲಿ.

ಗೋಡೆ ಕೆಲಸ ಮಾತ್ರ ದಸರಾ ಕಳೆದ ಮೇಲೆ, ಬಿಸಿಲು ತಗ್ಗಿದಾಗ. ಗಂಗಾವತಿ, ಸಿಂಧನೂರು ಕಡೆ ಕಾಲುವೆ ನೀರು, ಭತ್ತದ ಗದ್ದೆಗಳಿಂದ ನೆಲದ ತೇವ ಏರಿ, ಗೋಡೆಯ ಬುಡದಲ್ಲಿ ಉಪ್ಪು ಪುಡಿಪುಡಿಯಾಗಿ ಉದುರುತ್ತದೆ. ಮಾಳಿಗೆ ಮೇಲೆ ಕಾಯುವ ಚೌಳು ಬುಡದಲ್ಲಿ ಕೊಲ್ಲುತ್ತದೆ! ಅಲ್ಲಿ ಸಿಮೆಂಟ್ ಗಿಲಾವು ಮಾಡಿಸಿದರೆ ತೇವ ಇನ್ನೂ ಮೇಲಕ್ಕೆ ಹತ್ತುತ್ತದೆ. ಇದ್ದ ಸಿಮೆಂಟ್ ಕಿತ್ತು ಒಂದು ಬೇಸಿಗೆ ಗೋಡೆಯನ್ನು ಬರಿದೇ ಬಿಡಿ. ಕಲ್ಲುಸುಣ್ಣವನ್ನು ಎರಡು ವಾರವಾದರೂ ನೀರಲ್ಲಿ ಕೊಳೆಸಿ, ಒಂದಕ್ಕೆ ಮೂರು ಪಾಲು ಮರಳು ಬೆರೆಸಿ ಅರೆಯಿಸಿ. ಹಳೇ ಗೌಂಡಿಗಳು ಬೆಲ್ಲದ ನೀರು, ಅಳಲೆಕಾಯಿ ನೀರನ್ನೂ ಹಾಕುತ್ತಾರೆ. ಮೆತ್ತಿದ ಮೇಲೆ ವಾರವಿಡೀ ಒದ್ದೆ ಗೋಣಿಚೀಲ ಹೊದಿಸಿಡಿ.

ತೊಲೆಯನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ಗೋಡೆಯೊಳಗೆ ಹೋದ ತುದಿ ಮಂದವಾಗಿ ಸದ್ದು ಮಾಡಿದರೆ ಒಳಗೆ ಟೊಳ್ಳಾಗಿದೆ. ಅಷ್ಟನ್ನೇ ಕತ್ತರಿಸಿ ಬಡಿಗೇರರಿಂದ ಹೊಸ ಮರ ಬೆಸೆಸಬಹುದು. ಕೆತ್ತನೆಯ ಚೌಕಟ್ಟು ಕೇಳಿಕೊಂಡು ಬರುವ ಹಳೇ ಸಾಮಾನಿನ ವ್ಯಾಪಾರಿಗಳಿಗೆ ಇಲ್ಲ ಎನ್ನಿ.

ಕಾಗದ ಸರಿಯಿಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ. ಈ ಎರಡೂ ಜಿಲ್ಲೆಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು, ಹಳೇ ಪತ್ರಗಳು ಉರ್ದುವಿನಲ್ಲಿರುತ್ತವೆ. ಓದಬಲ್ಲ ಹಿರಿಯರು ಇರುವಾಗಲೇ ಕನ್ನಡಕ್ಕೆ ಬರೆಸಿಕೊಳ್ಳಿ, ಪಂಚಾಯಿತಿಯ ಇ-ಸ್ವತ್ತು ದಾಖಲೆಯ ಹೆಸರು, ಅಳತೆ ತಾಳೆ ನೋಡಿ. ಪಾಲುದಾರರು ಬರೀ ಅಣ್ಣತಮ್ಮಂದಿರಲ್ಲ. ಷರಿಯತ್ ಪ್ರಕಾರ ಗಂಡುಮಕ್ಕಳ ಪಾಲಿನ ಅರ್ಧ ಹೆಣ್ಣುಮಕ್ಕಳಿಗಿದೆ. ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರ ಸಹಿಯೂ ಬೇಕು. ಎಷ್ಟೋ ಮನೆ ಬೀಳುವುದು ಮಳೆಗಲ್ಲ, ಯಾರು ಖರ್ಚು ಹಾಕಬೇಕೆಂಬ ಜಗಳಕ್ಕೆ.

ಹಂಪಿ ಪಕ್ಕದ ಆನೆಗೊಂದಿಯಂತಹ ಊರಾದರೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ಮೊದಲೇ ಕೇಳಿ. ಬೇರೆಡೆ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ರಿಪೇರಿಗೂ ಅನುಮತಿ ಬೇಕು.

ಗೌಂಡಿಗೆ ದಿನಗೂಲಿ ಕೊಡಿ, ಚದರಡಿ ಲೆಕ್ಕದ ಗುತ್ತಿಗೆ ಬೇಡ. ಸುಣ್ಣ ಕೊಳೆಯುವವರೆಗೆ ಕಾಯುವ ಗುತ್ತಿಗೆದಾರ ಸಿಗುವುದು ಕಷ್ಟ.