ಕೆಟ್ಟ ಆಫೀಸಿನಿಂದ ಕಾಗದಪತ್ರ ಸಮೇತ ಹೊರಬಂದದ್ದು

ನಾನಿದ್ದ ಮಂಗಳೂರಿನ ಆಫೀಸಿನಲ್ಲಿ ಆದೇಶಗಳೆಲ್ಲ ಬಾಯಿಮಾತಿನವು. ಡಿಸ್ಕೌಂಟ್ ಕೊಡಿ ಎಂದವರೇ ತಿಂಗಳ ಕೊನೆಗೆ ‘ಯಾರನ್ನು ಕೇಳಿ ಕೊಟ್ಟಿರಿ?’ ಎನ್ನುವ ಜಾಗ. ವಾದ ಮಾಡಿ ಪ್ರಯೋಜನವಿಲ್ಲ. ಹಾಗಾಗಿ ಪ್ರತಿ ಬಾಯಿಮಾತಿನ ಹಿಂದೆಯೇ ಒಂದು ಇಮೇಲ್: ‘ಸರ್, ಈಗ ಹೇಳಿದಂತೆ ಈ ನಂಬರಿನ ಬಿಲ್ಲಿಗೆ ಶೇ 8 ಬಿಡುತ್ತಿದ್ದೇನೆ. ಬದಲಾವಣೆ ಇದ್ದರೆ ತಿಳಿಸಿ.’ ಉತ್ತರ ಬರುವುದಿಲ್ಲ, ಬರಬೇಕೆಂದೂ ಇಲ್ಲ. ಗ್ರಾಹಕರ ಹೆಸರು ಹಾಕದೆ ಬಿಲ್ ನಂಬರ್ ಮಾತ್ರ ಬರೆದರೆ ಪ್ರಿಂಟ್ ತೆಗೆದಿಡಲು ಅಂಜಿಕೆಯಿಲ್ಲ. ರಾಜೀನಾಮೆ ಕೊಟ್ಟ ಸಂಜೆಯೇ ಮೇಲ್ ಬಂದ್ ಆಗಬಹುದು, ಪ್ರಿಂಟ್ ಮೊದಲೇ ಬೇಕು. ಕಂಪನಿಯ ಬೇರೆ ಯಾವ ಕಡತವನ್ನೂ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ, ನಮ್ಮ ಮೇಲೆ ಕ್ರಮಕ್ಕೆ ಅದೇ ನೆಪವಾಗುತ್ತದೆ.

ಬೈಗುಳಕ್ಕೆ ಮನೆಯಲ್ಲೊಂದು ನೋಟ್‌ಬುಕ್. ತಾರೀಕು, ಗಂಟೆ, ಎದುರಿಗಿದ್ದವರು, ಆಡಿದ ಮಾತು. ತುಳುವಿನಲ್ಲಿ ಬೈದದ್ದನ್ನು ತುಳುವಿನಲ್ಲೇ ಬರೆದೆ. ಕನ್ನಡಕ್ಕೆ ತಂದರೆ ಅರ್ಧ ಖಾರ ಹೋಗುತ್ತದೆ. ‘ಅವಮಾನ ಮಾಡಿದರು’ ಎಂದಷ್ಟೇ ಬರೆದರೆ ಮುಂದೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕೆಲಸ ಬಿಡುವ ಮುಂಚೆ ಪಿಎಫ್ (ಭವಿಷ್ಯ ನಿಧಿ) ಪಾಸ್‌ಬುಕ್ ನೋಡಲೇಬೇಕು. ಮೂಲವೇತನ, ತುಟ್ಟಿಭತ್ಯೆಯ ಶೇ 12ನ್ನು ಸಂಬಳದಲ್ಲಿ ಕಡಿದು, ಮುಂದಿನ ತಿಂಗಳ 15ರೊಳಗೆ ಕಟ್ಟಬೇಕಾದ್ದನ್ನು ಕಟ್ಟದವರಿದ್ದಾರೆ. ಪೇಸ್ಲಿಪ್ ಪಕ್ಕದಲ್ಲಿಟ್ಟು ಪ್ರತಿ ತಿಂಗಳದ್ದೂ ತಾಳೆ ಹಾಕಿದೆ. ಪಿಎಫ್ ಖಾತೆಯ ಗುರುತಿನ ಸಂಖ್ಯೆಯಾದ ಯುಎಎನ್‌ಗೆ ಕಂಪನಿ ಸಿಮ್ಮಿನ ನಂಬರ್ ಇದ್ದರೆ ಮೊದಲು ಬದಲಿಸಿ. ಸಿಮ್ ವಾಪಸ್ ಕೊಟ್ಟ ಮೇಲೆ ಒಟಿಪಿ ಅವರ ಮೇಜಿಗೆ ಹೋಗುತ್ತದೆ.

ಸೇವೆಗಾಗಿ ಬಿಡುವಾಗ ಕಂಪನಿ ಕೊಡುವ ಗ್ರ್ಯಾಚುಟಿ ಹಣಕ್ಕೆ ಕಾಯಂ ನೌಕರರಿಗೆ 5 ವರ್ಷದ ಸೇವೆ ಬೇಕು. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 26,000 ರೂಪಾಯಿ, ಸೇವೆ 6 ವರ್ಷ ಎಂದಾದರೆ, 26ರಿಂದ ಭಾಗಿಸಿ 15ರಿಂದ ಗುಣಿಸಿ, ಮತ್ತೆ 6ರಿಂದ ಗುಣಿಸಿದರೆ 90,000. ಐದು ವರ್ಷಕ್ಕೆ ಆರೇಳು ತಿಂಗಳು ಬಾಕಿ ಇರುವಾಗ ಸಿಟ್ಟಿನಲ್ಲಿ ಪತ್ರ ಎಸೆದು ಬರುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ರಾಜೀನಾಮೆ ಎರಡೇ ಸಾಲು: ಇಂಥ ದಿನ ಬಿಡುತ್ತೇನೆ, ರಿಲೀವಿಂಗ್ ಲೆಟರ್ ಮತ್ತು ಬಾಕಿ ಲೆಕ್ಕ ಕೊಡಿ. ದೂರು ಅದರೊಳಗೆ ಬೇಡ. ನಮ್ಮ ಊರು ಸಣ್ಣದು, ಹೊಸ ಕಂಪನಿಯವರು ಹಳೆಯ ಮ್ಯಾನೇಜರಿಗೆ ಫೋನ್ ಮಾಡುವುದು ಇದ್ದದ್ದೇ. ನೋಟಿಸ್ ಅವಧಿ ಪೂರ್ತಿ ಹೋಗಿ ಹಾಜರಿ ಹಾಕಿ. ಹಣ ಖಾತೆಗೆ ಬೀಳದೆ ‘ಬಾಕಿ ಏನೂ ಇಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಎಚ್‌ಆರ್‌ನವರು ಪಿಎಫ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ಹಾಕದೆ ಸತಾಯಿಸಿದರೆ, ಕೊನೆಯ ಕಂತು ಬಂದು 2 ತಿಂಗಳಾದ ಮೇಲೆ ಯುಎಎನ್ ಪೋರ್ಟಲ್‌ನ ‘ಮಾರ್ಕ್ ಎಕ್ಸಿಟ್’ನಲ್ಲಿ ನಾವೇ ಹಾಕಬಹುದು.